ಬಂಡುಕೋರರಲ್ಲ

ಗಾಡಿಯ ಹಿಂದಿನ ಸೀಟಿಗೆ ತನ್ನನ್ನು ಯಾರೂ ಕಳಿಸಿರಲಿಲ್ಲ, ತಾನಾಗಿಯೇ ಹೋಗಿ ಕೂತದ್ದು ಎಂಬುದು ಜೈರೋಸ್ ಮುಕೊಂಡೊನಿಗೆ ಮುತಾರೆ ಪಟ್ಟಣ ದಾಟಿ ಅರ್ಧ ಗಂಟೆಯಾದ ಮೇಲೆ ಹೊಳೆಯಿತು. ಮುಂದೆ ಚಾಲಕನ ಪಕ್ಕ ಮೇಜರ್ ಮುಪಾಂಬಾ, ನಡುವೆ ಹೊರದೇಶದಿಂದ ಬಂದ ವಜ್ರ ಪರಿಶೀಲನಾ ತಂಡದ ಮುಖ್ಯಸ್ಥೆ ಶ್ರೀಮತಿ ಆಡ್ರಿಯಾನ್ಸ್ ಮತ್ತು ಅವಳ ಕಡತಗಳು, ಹಿಂದೆ ನೀರಿನ ಬಾಟಲಿಗಳು, ಒಂದು ಬಿಡಿ ಟೈರು, ಅವನು. ಹತ್ತೊಂಬತ್ತು ವರ್ಷದಿಂದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದುಭಾಷಿಯಾಗಿರುವ ಮನುಷ್ಯ ಹೀಗೆ ಮಂಡಿ ಎದೆಗೆ ತಾಗುವಂತೆ ಮುದುರಿಕೊಂಡು, ತಿರುವಿನಲ್ಲೆಲ್ಲ ಟೈರಿನ ಮೇಲೆ ಕೈಯೂರುತ್ತ ಹೋಗುವುದು ಸರಿಯೇ ಎಂದು ಕೇಳಿಕೊಂಡ. ನಡುವಿನ ಸೀಟಿನಲ್ಲಿ ಜಾಗವಿತ್ತು. ಕೂತುಕೊಳ್ಳಿ ಎಂದು ಆ ಹೆಂಗಸು ಕಡತಗಳನ್ನು ಸರಿಸಿಯೂ ಇದ್ದಳು. ಆದರೆ ಮೇಜರ್ ಬಾಗಿಲು ಹಿಡಿದು ನಿಂತಿದ್ದ, ಮುಗುಳ್ನಗುತ್ತಿದ್ದ, ಆ ನಗೆಯ ಮುಂದೆ ಜೈರೋಸ್‌ನ ಕಾಲುಗಳು ತಾವಾಗಿಯೇ ಹಿಂದಕ್ಕೆ ಹೋದವು. ಕಾಲುಗಳಿಗೆ ತನಗಿಂತ ಮೊದಲೇ ಏನೋ ಗೊತ್ತಾಗಿಬಿಟ್ಟಿದೆಯೆಂದು ಅವನಿಗೆ ಅನ್ನಿಸಿತು.

ನಿನ್ನೆ ಚಹಾದ ಹೊತ್ತಿಗೆ ಇದೇ ಮೇಜರ್ ಕೋರ್ಟಿನ ಹಿತ್ತಲಿಗೆ ಬಂದಿದ್ದ. ಈಗ ಅವನು ಸೈನ್ಯದಲ್ಲಿಲ್ಲ, ಚಿಗೊರಾದ ವಜ್ರದ ಗಣಿ ನಡೆಸುವ ಕಂಪನಿಯಲ್ಲಿ ಸಂಪರ್ಕಾಧಿಕಾರಿ; ಆದರೂ ಎಲ್ಲರೂ ಮೇಜರ್ ಎಂದೇ ಕರೆಯುತ್ತಾರೆ, ಅವನೂ ಬೇಡವೆನ್ನುವುದಿಲ್ಲ. "ನಿಮ್ಮ ಬಗ್ಗೆ ಎಲ್ರೂ ಒಳ್ಳೇದೇ ಹೇಳ್ತಾರೆ ಹಿರಿಯರೇ. ಒಂದು ಪದಾನೂ ಬಿಡಲ್ವಂತೆ ನೀವು." "ಅದು ನಾನು ಮಾಡಿರೋ ಪ್ರಮಾಣ," ಎಂದಿದ್ದ ಜೈರೋಸ್, ಸ್ವಲ್ಪ ಹೆಮ್ಮೆಯಿಂದಲೇ. "ಕೋರ್ಟಲ್ಲಿ ಸರಿ. ನಾಳೆ ಹೋಗೋ ಹಳ್ಳೀಲಿ ಬಿಸಿಲು ಜಾಸ್ತಿ ನೋಡಿ. ಹೊರದೇಶದೋರಿಗೆ ಬೇಗ ಸುಸ್ತಾಗುತ್ತೆ. ನಮ್ಮ ಅಜ್ಜಿಯರು ಶುರು ಹಚ್ಕೊಂಡ್ರೆ ಮುಗಿಯೋದುಂಟಾ? ಸಾರಾಂಶ ಹೇಳಿದ್ರೆ ಸಾಕು." ಹೊರಟವನು ಗೇಟಿನ ಹತ್ತಿರ ನಿಂತು, ಮರೆತದ್ದು ನೆನಪಾದವನಂತೆ ತಿರುಗಿದ. "ಮಗಳು ನರ್ಸಿಂಗಿಗೆ ಅರ್ಜಿ ಹಾಕಿದಾಳಂತೆ? ಭೇಷ್. ಪಟ್ಟಿ ಮುಂದಿನ ವಾರ ಬರುತ್ತೆ, ಅಲ್ವಾ?" ಅಷ್ಟೆ. ರಾತ್ರಿಯಿಡೀ ಜೈರೋಸ್ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ತಿರುಗಿಸಿ ನೋಡಿದ. ಯಾವ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೂ ಅದರಲ್ಲಿ ಬೆದರಿಕೆಯ ಒಂದು ಪದವೂ ಸಿಗುತ್ತಿರಲಿಲ್ಲ. ಭೇಷ್ ಎಂದಿದ್ದಾನೆ. ಅಲ್ವಾ ಎಂದು ಕೇಳಿದ್ದಾನೆ. ಬೆಳಿಗ್ಗೆ ಹೆಂಡತಿ ಗಂಜಿಯ ಬಟ್ಟಲು ಮುಂದಿಟ್ಟು, ಅವನು ಏನೂ ಹೇಳದಿದ್ದರೂ, "ಬಾಬಾ ರುವಾ, ತನಿಖೆ ಮಾಡೋರು ಬರ್ತಾರೆ, ವಿಮಾನ ಹತ್ತಿ ಹೋಗ್ತಾರೆ. ಇಲ್ಲಿರೋರು ನಾವು," ಎಂದಳು. ರುವಾ ಇನ್ನೂ ಮಲಗಿದ್ದಳು. ಬಾಬಾ ರುವಾ, ರುವಾಳ ಅಪ್ಪ; ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಹೆಸರು ಅವತ್ತು ಬೆಳಿಗ್ಗೆ ಕೇಳಿಸಿದಷ್ಟು ಭಾರವಾಗಿ ಎಂದೂ ಕೇಳಿಸಿರಲಿಲ್ಲ.

ಗಣಿಯಲ್ಲಿ ಅವನಿಗೆ ಕೆಲಸವಿರಲಿಲ್ಲ, ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತಿತ್ತು. ಎರಡು ಸಾಲು ಮುಳ್ಳುತಂತಿಯ ಬೇಲಿ, ಬೇಲಿಯಾಚೆ ತೋಡಿ ಹಾಕಿದ ಕೆಂಪು ಮಣ್ಣಿನ ದಿಬ್ಬಗಳು, ನಡುವೆ ಯಾಕೋ ಕಡಿಯದೆ ಬಿಟ್ಟ ಒಂದು ಬಾವೊಬಾಬ್ ಮರ. ಗಾಜಿನ ಕೋಣೆಯಲ್ಲಿ ಕೈಗವಸು ತೊಟ್ಟ ಹುಡುಗಿಯರು ಹರಳುಗಳನ್ನು ಬೇರ್ಪಡಿಸುತ್ತಿದ್ದರು. ಇಷ್ಟು ಹತ್ತಿರದಿಂದ ಜೈರೋಸ್ ಅವನ್ನು ನೋಡಿದ್ದು ಅದೇ ಮೊದಲು. ಕಂದು ಬಣ್ಣದವು, ಮೊಂಡಾದವು, ಯಾರೋ ಅಗಿದು ಉಗುಳಿದ ಬೆಲ್ಲದ ಚೂರುಗಳಂಥವು. ಈ ವರ್ಷ ತಂಡ ಒಪ್ಪಿಗೆ ಕೊಟ್ಟರೆ ಪ್ರತಿ ಪೊಟ್ಟಣಕ್ಕೂ ಒಂದು ಪ್ರಮಾಣಪತ್ರ. ಆ ಕಾಗದವಿದ್ದರೆ ಹರಳು ಯಾವ ದೇಶದ ಗಡಿಯನ್ನಾದರೂ ದಾಟಬಹುದು, ಇಲ್ಲದಿದ್ದರೆ ಎಲ್ಲಿಯೂ ಕೊಳ್ಳುವಂತಿಲ್ಲ. ಮೇಜರ್ ಇದನ್ನೆಲ್ಲ ವಿವರಿಸುತ್ತಿದ್ದಾಗ ಜೈರೋಸ್ ಗಾಜಿನಲ್ಲಿ ಕಾಣುತ್ತಿದ್ದ ತನ್ನ ಮುಖವನ್ನು ನೋಡಿದ. ಅದು ಮೇಜರನ ಪ್ರತಿ ಮಾತಿಗೂ ತಲೆಯಾಡಿಸುತ್ತಿತ್ತು. ನಿಲ್ಲಿಸಬೇಕೆಂದುಕೊಂಡ. ಮತ್ತೆ ನೋಡಿದಾಗಲೂ ಆಡಿಸುತ್ತಿತ್ತು.

ಗಣಿಗಾಗಿ ಎಬ್ಬಿಸಿದ ಜನರನ್ನು ಕೂರಿಸಿದ ಹೊಸ ಊರು ಮುಕ್ಕಾಲು ಗಂಟೆಯ ದಾರಿ. ಒಂದೇ ಅಚ್ಚಿನಲ್ಲಿ ಹೊಯ್ದಂಥ ಮನೆಗಳು, ಸಾಲಿನ ಕೊನೆಗೊಂದು ನಲ್ಲಿ, ಬಟಾಬಯಲಿನಲ್ಲಿ ಕಂಪನಿ ಹಾಕಿಸಿದ ಬಿಳಿ ಶಾಮಿಯಾನ. ನೂರೈವತ್ತು ಜನ ಕಾದಿದ್ದರು. ಮಾತಾಡುವವರ ಪಟ್ಟಿ ಮೇಜರನ ಜೇಬಿನಲ್ಲಿತ್ತು. ಮೊದಲನೆಯವನು ಶಾಲೆಯ ಬಗ್ಗೆ ಹೇಳಿದ, ಎರಡನೆಯವಳು ನಲ್ಲಿಯ ಬಗ್ಗೆ, ಮೂರನೆಯವನು ಎಲ್ಲದರ ಬಗ್ಗೆ. ಜೈರೋಸ್ ಒಂದಕ್ಷರ ಬಿಡದೆ ಹೇಳಿದ. ಇಷ್ಟೇ ಇರಬಹುದು, ಇಷ್ಟಕ್ಕೇ ನಾನು ರಾತ್ರಿಯೆಲ್ಲ ಒದ್ದಾಡಿದೆನಲ್ಲ ಎಂದುಕೊಳ್ಳುತ್ತಿರುವಾಗಲೇ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. ಸಣಕಲು ದೇಹ, ತಲೆಗೆ ಬಿಗಿದ ಹಸಿರು ಬಟ್ಟೆ.

"ನಂದೂ ಒಂದು ಮಾತೈತೆ."

"ಶುವಾಯಿ ಅಜ್ಜಿ, ಕೂತ್ಕೊಳ್ಳಿ," ಎಂದ ಮೇಜರ್, ನಗುತ್ತಲೇ. "ಪಟ್ಟೀಲಿ ನಿಮ್ಮ ಹೆಸರಿಲ್ಲ."

"ಪಟ್ಟಿ ಬರೆದೋನು ನಮ್ಮನೆ ಕಡೆ ತಲೇನೇ ಹಾಕ್ಲಿಲ್ಲ. ಹೆಸರು ಎಲ್ಲಿಂದ ಬರ್ತದೆ?"

ಜನ ನಕ್ಕರು. ಆಡ್ರಿಯಾನ್ಸ್ ಪೆನ್ನು ಎತ್ತಿ, "ಅವರಿಗೇನೋ ಹೇಳುವುದಿದೆ. ಹೇಳಲಿ," ಎಂದಳು. ಮುದುಕಿ ಮುಂದೆ ಬಂದು ನೆಲದ ಮೇಲೆ ಕಾಲು ಮಡಿಸಿ ಕೂತಳು. ಹಿರಿಯರ ಮುಂದೆ ಹೆಂಗಸರು ಮಾಡುವಂತೆ ಅಂಗೈಗಳನ್ನು ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಆಮೇಲೆ ಆ ವಿದೇಶಿ ಹೆಂಗಸಿನ ಕಡೆ ನೋಡದೆ ಜೈರೋಸ್‌ನ ಮುಖವನ್ನೇ ನೋಡುತ್ತ ಹೇಳತೊಡಗಿದಳು.

"ನನ್ನ ಮಗ ಅಗೆಯೋಕೆ ಹೋಗ್ತಿದ್ದ, ಸುಳ್ಳು ಯಾಕೆ ಹೇಳ್ಲಿ. ಸೈನಿಕರೇ ಕರೀತಿದ್ರು. ಹತ್ತತ್ತು ಜನಾನ ಗುಂಪು ಕಟ್ಟೋರು, ಸಿಕ್ಕಿದ್ರಲ್ಲಿ ಅರ್ಧ ಅವರಿಗೆ. ಆದ್ರೆ ಅವತ್ತು ಅವ್ನು ಅಗೆಯೋಕೆ ಹೋಗಿರ್ಲಿಲ್ಲ, ಮೆಕ್ಕೆಜೋಳ ಬಿತ್ತೋಕೆ ನಂಜೊತೆ ಹೊಲಕ್ಕೆ ಬಂದಿದ್ದ. ಹೆಲಿಕಾಪ್ಟರ್ ಬಂತು. ಎಲ್ರೂ ಓಡಿದ್ರು, ಅವ್ನೂ ಓಡಿದ. ನಾಯಿ ಬಿಟ್ರು. ನಾಯಿ ಅವನ ತೊಡೆ ಹಿಡೀತು. ನಾನು ಈಚೆ ಬದೂಲಿ ಇದ್ದೆ. ಅವ್ನು ನಾಯಿಗೆ, ಬಿಡೋ, ಬಿಡೋ ಮಾರಾಯ ಅಂತಿದ್ದ, ಮನೆ ನಾಯಿಗೆ ಹೇಳ್ದಂಗೆ. ಆಮೇಲೆ ಒಬ್ಬ ಬಂದ. ಬಂದೋನು ಮೊದ್ಲು ನಾಯೀನ ಹಿಂದಕ್ಕೆ ಕರೆದ. ನಾಯಿಗೆ ಗುಂಡು ತಗಲಬಾರ್ದಲ್ಲ, ಅದಕ್ಕೆ. ಆಮೇಲೆ ಹೊಡೆದ."

ಶಾಮಿಯಾನದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮುದುಕಿ ಮಗನ ಹೆಸರು ಹೇಳಿದಳು. ಎಷ್ಟು ಜನರನ್ನು ಒಟ್ಟಿಗೆ ಹೂಳಿದರು, ಈಗ ಅಲ್ಲಿ ಬೇಲಿ ಎಲ್ಲಿ ಹಾಯುತ್ತದೆ ಎಂದು ಕೈಯಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದಳು. "ಸತ್ತು ವರ್ಷ ಆದ್ಮೇಲೆ ಗೋರಿ ಹತ್ರ ರಾಗಿ ಹೆಂಡ ಸುರಿದು ಅವನ ಆತ್ಮಾನ ಮನೆಗೆ ಕರ್ಕೊಂಡು ಬರ್ಬೇಕು. ಎರಡು ವರ್ಷ ಆಯ್ತು, ಎರಡು ಸಲ ಹೆಂಡ ಮಾಡ್ದೆ, ಎರಡು ಸಲಾನೂ ಹುಳಿ ಬಂದು ಚೆಲ್ದೆ. ಬೇಲಿ ಒಳಗೆ ಬಿಡಲ್ಲ. ಈಯಮ್ಮ ಕಲ್ಲಿಗೆಲ್ಲ ಹೊರಗೆ ಹೋಗೋಕೆ ಕಾಗದ ಕೊಡ್ತಾಳಂತೆ. ನನ್ನ ಮಗನಿಗೂ ಒಂದು ಕಾಗದ ಕೊಡ್ಲಿ. ಅಷ್ಟೇ ನಾನು ಕೇಳೋದು."

ಕೋರ್ಟಿನಲ್ಲಿ ದುಭಾಷಿ 'ಅವನು ಹೇಳುತ್ತಾನೆ' ಎನ್ನುವಂತಿಲ್ಲ. ಸಾಕ್ಷಿ 'ನಾನು' ಎಂದರೆ ದುಭಾಷಿಯೂ 'ನಾನು' ಎನ್ನಬೇಕು. ಹತ್ತೊಂಬತ್ತು ವರ್ಷದಲ್ಲಿ ಜೈರೋಸ್ ನಾನು ಕದ್ದೆ ಎಂದಿದ್ದ, ನಾನು ಹೆಂಡತಿಯನ್ನು ಕೊಂದೆ ಎಂದಿದ್ದ, ಹದಿಮೂರು ವರ್ಷದ ಹುಡುಗಿಯ ಪರವಾಗಿ ನಾನು ಕೂಗಿದೆ, ಯಾರೂ ಬರಲಿಲ್ಲ ಎಂದಿದ್ದ. ಮನೆಗೆ ಬಂದು ಕೈ ತೊಳೆದು ಊಟ ಮಾಡಿದ್ದ. ಈಗ ಬಾಯಿ ತೆರೆದ. ಎದುರಿಗೆ ಮೇಜರ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಳ್ಳುತ್ತಿದ್ದ, ಇವನ ಕಡೆ ನೋಡುತ್ತಲೂ ಇರಲಿಲ್ಲ. "ಇವರು ಹೇಳುತ್ತಾರೆ," ಎಂಬ ಇಂಗ್ಲಿಷ್ ಮಾತು ತನ್ನ ದನಿಯಲ್ಲೇ ಹೊರಬಿದ್ದದ್ದು ಜೈರೋಸ್‌ಗೆ ಕೇಳಿಸಿತು, "ಇವರು ಹೇಳುತ್ತಾರೆ, ಗಲಾಟೆಯ ದಿನಗಳಲ್ಲಿ ಇವರ ಮಗ ತೀರಿಕೊಂಡ. ಸಮಾಧಿಗೆ ಹೋಗಲು ಅನುಮತಿ ಬೇಕಂತೆ."

ಆಡ್ರಿಯಾನ್ಸ್ ಬರೆದುಕೊಂಡಳು. ಮುಖದಲ್ಲಿ ನಿಜವಾದ ಮರುಕವಿತ್ತು. ಪ್ರಶ್ನೆಗಳ ನಮೂನೆ ತಿರುಗಿಸಿ, "ಇವರನ್ನು ಏಳನೇ ಪ್ರಶ್ನೆ ಕೇಳಿ. ಈ ಸಾವಿಗೆ ಯಾವುದಾದರೂ ಬಂಡುಕೋರರ ಗುಂಪು ಕಾರಣವೇ?" ಎಂದಳು. ಬಂಡುಕೋರರು ಎನ್ನುವುದಕ್ಕೆ ಅವರ ಭಾಷೆಯಲ್ಲಿದ್ದ ಪದ ಹಳೆಯದು. ಸ್ವಾತಂತ್ರ್ಯದ ಯುದ್ಧಕಾಲದಲ್ಲಿ ಬಿಳಿಯರ ಸರ್ಕಾರ ಕಾಡು ಸೇರಿದ ಹುಡುಗರನ್ನು ಬಯ್ಯಲು ಬಳಸುತ್ತಿದ್ದದ್ದು. ಬೇರೆ ಪದ ತೋಚದೆ ಅವನು ಅದನ್ನೇ ಹೇಳಿದ. ಮುದುಕಿ ಕಣ್ಣರಳಿಸಿದಳು.

"ಬಂಡುಕೋರರಾ? ಅಲ್ಲಪ್ಪೋ. ಯೂನಿಫಾರಂ ಹಾಕಿದ್ರು. ಗರಿಗರಿ ಇಸ್ತ್ರಿ ಮಾಡಿದ್ದು."

"ಬಂಡುಕೋರರಲ್ಲ," ಎಂದ ಜೈರೋಸ್ ಇಂಗ್ಲಿಷಿನಲ್ಲಿ. ಆಡ್ರಿಯಾನ್ಸ್ ಚೌಕದೊಳಗೆ ಗುರುತು ಹಾಕಿದಳು. ಅವನು ಹೇಳಿದ್ದು ಸತ್ಯವಾಗಿತ್ತು. ಆ ಸತ್ಯದ ಮೇಲೆ ಪೆನ್ನಿನ ಗುರುತು ಬಿದ್ದದ್ದನ್ನು ನೋಡಿದಾಗ, ಹತ್ತೊಂಬತ್ತು ವರ್ಷದಲ್ಲಿ ಕೇಳಿದ ಯಾವ ಸುಳ್ಳುಸಾಕ್ಷಿಯೂ ತರದಿದ್ದಷ್ಟು ಹೇಸಿಗೆ ಅವನಿಗಾಯಿತು. ಮೇಜರ್ ಕರವಸ್ತ್ರ ಮಡಿಸಿ ಜೇಬಿಗಿಟ್ಟ.

ಆದರೆ ಮುದುಕಿ ಏಳಲಿಲ್ಲ. ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. "ಮಗಾ," ಎಂದಳು, ಬೇಜಾರಿಲ್ಲದೆ, ಅಂಗಡಿಯಲ್ಲಿ ತೂಕ ಕಡಿಮೆ ಬಂದದ್ದನ್ನು ಹೇಳುವವಳಂತೆ, "ನಾನು ಅಷ್ಟುದ್ದ ಹೇಳ್ದೆ. ನೀನು ಇಷ್ಟೇ ಹೇಳ್ದೆ. ಆಯಮ್ಮನ ಭಾಷೆ ಅಷ್ಟು ಚಿಕ್ಕದಾ?"

ಯಾರೋ ಕಿಸಕ್ಕನೆ ನಕ್ಕರು, ಕೂಡಲೇ ನಿಲ್ಲಿಸಿದರು. "ಏನಂದರು?" ಎಂದು ಆಡ್ರಿಯಾನ್ಸ್ ತಲೆಯೆತ್ತಿದಳು. ಜೈರೋಸ್‌ನ ಕಣ್ಣಮುಂದೆ ಒಂದು ಪಟ್ಟಿ ಬಂತು, ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದು, ಅದರ ಮುಂದೆ ರುವಾ ಬೆರಳಿಟ್ಟು ಹೆಸರು ಹುಡುಕುತ್ತಿದ್ದಳು. "ಧನ್ಯವಾದ ಹೇಳುತ್ತಿದ್ದಾರೆ," ಎಂದ.

ವಾಪಸ್ ಬರುವಾಗ ಮೇಜರ್ ಅವನನ್ನು ನಡುವಿನ ಸೀಟಿನಲ್ಲಿ ಕೂರಿಸಿದ. ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಕಂಪನಿಯ ಊಟದ ಮನೆಯಲ್ಲಿ ಅವನ ತಟ್ಟೆಗೆ ಮೇಜರ್ ತಾನೇ ಎರಡನೇ ಸಲ ಮಾಂಸ ಬಡಿಸಿ, "ಸಾರಾಂಶ ಅಂದ್ರೆ ಹಿಂಗಿರ್ಬೇಕು ನೋಡ್ರಪ್ಪಾ," ಎಂದು ಚಾಲಕನಿಗೆ ಹೇಳಿ ನಕ್ಕಿದ್ದ, ಜೈರೋಸ್ ತಿಂದಿದ್ದ, ತಿನ್ನುವುದನ್ನು ನಿಲ್ಲಿಸಲು ಗೊತ್ತಾಗದೆ ತಿಂದಿದ್ದ. ಈಗ ಬಾವೊಬಾಬ್ ಮರಗಳು ಹಿಂದಕ್ಕೆ ಹೋಗುತ್ತಿದ್ದವು. ಬಿಡೋ ಮಾರಾಯ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ತನಗೇ ತಿಳಿಯದಂತೆ ಯೋಚಿಸತೊಡಗಿದ್ದ. ಯಾವುದೂ ಹೊಂದಲಿಲ್ಲ. ನಾಯಿಯನ್ನು ಗದರಿಸುವ ಮಾತುಗಳಿದ್ದವು, ಬೇಡುವ ಮಾತುಗಳಿದ್ದವು, ಆದರೆ ತನ್ನನ್ನು ಕಚ್ಚುತ್ತಿರುವ ನಾಯಿಯ ಜೊತೆ ಸಲಿಗೆಯಿಂದ ಆಡುವ ಮಾತು ಇರಲಿಲ್ಲ. ಪಕ್ಕದಲ್ಲಿ ಆಡ್ರಿಯಾನ್ಸ್ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಕೆಂಪಗಾದ ಕೈಯ ಮೇಲೆ ಸೊಳ್ಳೆ ಕಚ್ಚಿದ ಗುರುತುಗಳನ್ನು ಅವನು ಎಣಿಸಿದ. ಐದು.

ಮುತಾರೆಯ ವಸತಿಗೃಹದ ಜಗುಲಿಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಅಂಗಳದಲ್ಲಿ ಗಾಡಿಗೆ ಒರಗಿ ಮೇಜರ್ ಫೋನಿನಲ್ಲಿ ಮಾತಾಡುತ್ತಿದ್ದ, ಜೈರೋಸ್‌ನನ್ನು ಮನೆಗೆ ಬಿಡಲು ಕಾದಿದ್ದ. ಆಡ್ರಿಯಾನ್ಸ್ ಒಂದು ಹಾಳೆ ಮುಂದಿಟ್ಟಳು. ಕೇಳಿದ್ದನ್ನೆಲ್ಲ ನಿಷ್ಠೆಯಿಂದ ಅನುವಾದಿಸಿದ್ದೇನೆ, ಸಹಿ. ಅವನು ಪೆನ್ನು ತೆಗೆದುಕೊಂಡ. ಮತ್ತೆ ಕೆಳಗಿಟ್ಟ.

"ನಾನು ಬಿಟ್ಟಿದ್ದೇನೆ," ಎಂದ.

ಹೇಳಿದ. ಮೊದಲಿನಿಂದ, ಹೊಲ, ಹೆಲಿಕಾಪ್ಟರ್, ನಾಯಿ, ನಾಯಿಯನ್ನು ಹಿಂದಕ್ಕೆ ಕರೆದದ್ದು. ಕಾಗದ. ಅವಳು ಬರೆಯಲಿಲ್ಲ, ಕೇಳಿದಳು, ಕೇಳುತ್ತ ಕೇಳುತ್ತ ಮುಖ ಸುಸ್ತಾದಂತೆ ಇಳಿಯಿತು. "ಏಳನೇ ಪ್ರಶ್ನೆಗೆ ನೀವು ಕೊಟ್ಟ ಉತ್ತರ ತಪ್ಪೇ?" ಎಂದು ಕೇಳಿದಳು.

"ಇಲ್ಲ. ಅದು ಸರಿ."

"ಸರಿಯಾದರೆ ಅದು ಹಾಗೆಯೇ ಇರುತ್ತದೆ. ನಮ್ಮ ನಿಯಮದಲ್ಲಿ ರಕ್ತ ಅಂಟಿದ ವಜ್ರ ಎಂದರೆ ಬಂಡುಕೋರರು ಸರ್ಕಾರದ ವಿರುದ್ಧ ಯುದ್ಧಕ್ಕೆ ಮಾರಿದ್ದು. ಸರ್ಕಾರದ ಸೈನಿಕರ ಬಗ್ಗೆ ನಮೂನೆಯಲ್ಲಿ ಪ್ರಶ್ನೆಯೇ ಇಲ್ಲ. ನಾನು ಇದನ್ನು ಮೂರು ಸಭೆಗಳಲ್ಲಿ ಹೇಳಿದ್ದೇನೆ, ನನಗೂ..." ಎಂದವಳು ಅಂಗಳದ ಕಡೆ ನೋಡಿದಳು. "ಅನುಬಂಧದಲ್ಲಿ ಸೇರಿಸಬಹುದು. ಓದುವವರು ಕಡಿಮೆ. ಆದರೆ ಯಾರ ಹೇಳಿಕೆ ಎಂದು ಬರೆಯಲಿ? ಅವರ ಹೆಸರು ಹಾಕಿದರೆ ನಾಳೆ ಅವರ ಬಾಗಿಲಿಗೆ ಯಾರು ಹೋಗುತ್ತಾರೆ, ನಿಮಗೇ ಗೊತ್ತು."

ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ತನ್ನ ಎದೆ ಹಗುರ ಮಾಡಿಕೊಳ್ಳುವ ಆತುರದಲ್ಲಿ ಆ ಹಸಿರು ತಲೆವಸ್ತ್ರದ ಮುದುಕಿಯನ್ನು ಮತ್ತೊಮ್ಮೆ ಮುಂದೆ ತಳ್ಳಿ ತಾನು ಹಿಂದೆ ನಿಂತುಬಿಡುತ್ತಿದ್ದೆನಲ್ಲ ಎಂದು ಹೊಳೆಯಿತು. "ಅವರ ಹೆಸರು ಬೇಡ," ಎಂದ. "ಮಗನದೂ ಬೇಡ. ಗೊತ್ತು ಹಚ್ಚಿಬಿಡುತ್ತಾರೆ. ನನ್ನದು ಹಾಕಿ."

"ನೀವು ಸಂಬಂಧಿಯಲ್ಲ. ಅಲ್ಲಿ ಇರಲಿಲ್ಲ. ನೀವೇ ಕಣ್ಣಾರೆ ಕಂಡದ್ದು ಏನಾದರೂ ಇದೆಯೇ?"

ಇಲ್ಲ ಎಂದು ಹೇಳಲು ಬಾಯಿ ತೆರೆದ. ಆಗ ಕಟಕಟೆ ಕಂಡಿತು. ಎರಡು ವರ್ಷದ ಹಿಂದೆ, ಹೆಲಿಕಾಪ್ಟರ್ ಬಂದ ಅದೇ ನವೆಂಬರ್. ಅಕ್ರಮವಾಗಿ ಅಗೆದವರು ಎಂದು ದಿನಕ್ಕೆ ನಲವತ್ತು ಐವತ್ತು ಜನರನ್ನು ಕೋರ್ಟಿಗೆ ತಂದು ಸುರಿಯುತ್ತಿದ್ದರು. ಕಟಕಟೆ ಸಾಲದೆ ನೆಲದ ಮೇಲೆ ಕೂರಿಸಿದ್ದರು. ಕೀವಿನ ವಾಸನೆಗೆ ಮ್ಯಾಜಿಸ್ಟ್ರೇಟರು ಕಿಟಕಿ ತೆಗೆಸಿದ್ದರು. ಒಬ್ಬನಿಗೆ ಮೊಣಕಾಲಿನ ಕೆಳಗೆ ಮಾಂಸವೇ ಇರಲಿಲ್ಲ, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದ. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿ ಎಂದರು, ಜೈರೋಸ್ ಕೇಳಿದ. ಆ ಹುಡುಗ, ನೀರು ಕೊಡಿ ಎಂದ. ಅದು ಉತ್ತರವಲ್ಲ, ಮತ್ತೆ ಕೇಳಿ ಎಂದರು. ಜೈರೋಸ್ ಮತ್ತೆ ಕೇಳಿದ. ಹುಡುಗ, ಹೂಂ ಎಂದ. ಒಪ್ಪಿಕೊಳ್ಳುತ್ತೇನೆ ಎಂದು ಜೈರೋಸ್ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದ. ಅವತ್ತು ಒಂದು ಪದವನ್ನೂ ಬಿಟ್ಟಿರಲಿಲ್ಲ. ಕಣ್ಣನ್ನು ಮಾತ್ರ ಗೋಡೆಯ ಗಡಿಯಾರದ ಮೇಲೆ ಇಟ್ಟುಕೊಂಡಿದ್ದ, ಹನ್ನೊಂದು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ. ಆದರೂ ಎಲ್ಲವನ್ನೂ ನೋಡಿದ್ದ.

"ಇದೆ," ಎಂದ. "ನಾನು ನೋಡಿದ್ದೇನೆ. ಬರೆದುಕೊಳ್ಳಿ." ಅಂಗಳದಲ್ಲಿ ಮೇಜರ್ ಫೋನನ್ನು ಕಿವಿಯಿಂದ ಇಳಿಸಿ ಜಗುಲಿಯ ಕಡೆ ನೋಡುತ್ತ ನಿಂತಿದ್ದ. ಜೈರೋಸ್ ಮುಕ್ಕಾಲು ಗಂಟೆ ಮಾತಾಡಿದ. ಮೊದಲು ಕಟಕಟೆ, ಆಮೇಲೆ ಹೊಸ ಊರಿನಲ್ಲಿ ಒಬ್ಬ ತಾಯಿ ಹೇಳಿದ್ದು. ಕೆಳಗೆ ತನ್ನ ಹೆಸರು ಬರೆದು ಸಹಿ ಮಾಡಿದ. ಮೇಜರ್ ಗಾಡಿಯ ಬಾಗಿಲು ತೆರೆದು ಹಿಡಿದಾಗ, "ನಡ್ಕೊಂಡು ಹೋಗ್ತೀನಿ," ಎಂದು ಹೇಳಿ, ತನ್ನ ಬೆನ್ನಿನ ಮೇಲೆ ಆ ನೋಟ ಎಷ್ಟು ದೂರದವರೆಗೆ ಇತ್ತೆಂದು ತಿರುಗಿ ನೋಡದೆ ಹೋದ.

ನರ್ಸಿಂಗ್ ಪಟ್ಟಿಯಲ್ಲಿ ರುವಾಳ ಹೆಸರು ಬರಲಿಲ್ಲ. ಬರದಿದ್ದಕ್ಕೆ ನೂರು ಕಾರಣ ಇರಬಹುದಿತ್ತು. ಹೆಂಡತಿ ಬಾಬಾ ರುವಾ ಎಂದು ಕರೆಯುವುದನ್ನು ನಿಲ್ಲಿಸಿ, "ರೀ" ಎಂದಷ್ಟೇ ಕರೆಯತೊಡಗಿದಳು. ಮೂರು ತಿಂಗಳಿಗೆ ತಂಡದ ವರದಿ ಬಂತು. ನಮೂನೆಯ ಪ್ರಶ್ನೆಗಳೆಲ್ಲಕ್ಕೂ ತೃಪ್ತಿಕರ ಉತ್ತರ ಸಿಕ್ಕಿತ್ತು. ಹರಳುಗಳಿಗೆ ಕಾಗದ ಸಿಕ್ಕಿತು. ಕೊನೆಯಲ್ಲಿ ಎಲ್ಲೋ ಅನುಬಂಧ ಐದು ಎಂದು ಎರಡು ಪುಟ, ಅವನ ಹೇಳಿಕೆ. ಅದೇ ವಾರ ಜೈರೋಸ್‌ಗೆ ವರ್ಗಾವಣೆಯ ಆದೇಶ ಬಂತು, ದೇಶದ ಆ ತುದಿಯ ಬಿಂಗಾಕ್ಕೆ. ಅಲ್ಲಿಯವರು ಆಡುವುದು ಟೊಂಗಾ ಭಾಷೆ. ಅವನಿಗೆ ಅದರಲ್ಲಿ ಒಂದು ಪದವೂ ಬರುತ್ತಿರಲಿಲ್ಲ. ಕೋರ್ಟಿನ ಗುಮಾಸ್ತ ಆದೇಶ ಕೈಗಿಡುತ್ತ, "ಕಲೀಬಹುದು ಬಿಡಿ, ಹಿರಿಯರೇ," ಎಂದು ನೆಲ ನೋಡಿದ.

ಹೊರಡುವ ಹಿಂದಿನ ದಿನ, ಅಂಗಳದಲ್ಲಿ ಮಂಚ ಬಿಚ್ಚುತ್ತಿದ್ದಾಗ, ಶುವಾಯಿ ಅಜ್ಜಿ ಗೇಟು ತಳ್ಳಿಕೊಂಡು ಬಂದಳು. ಮೂರು ಬಸ್ಸು ಬದಲಿಸಿ, ಕೋರ್ಟಿನಲ್ಲಿ ಕೇಳಿ, ಮನೆ ಹುಡುಕಿಕೊಂಡು ಬಂದಿದ್ದಳು. ಅವನ ಎದೆ ಹಿಗ್ಗಿತು. ಧನ್ಯವಾದಕ್ಕೆ ಬಂದಿರಬೇಕು ಎಂದುಕೊಂಡ, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೊಳ್ಳುವಷ್ಟೂ ಸಮಯ ಸಿಗಲಿಲ್ಲ.

"ರೇಡಿಯೋದಲ್ಲಿ ಓದಿದ್ರು," ಎಂದಳು, ನಿಂತೇ. "ಹೊರದೇಶದ ರೇಡಿಯೋ, ನಮ್ಮ ಭಾಷೇಲೇ. ನಾಯಿ ಬಂತು. ಹೆಂಡ ಬಂತು. ಎಲ್ಲಾ ಬಂತು. ನಿನ್ನ ಹೆಸರೂ ಬಂತು. ಒಬ್ಬ ಯುವಕ ಅಂದ್ರು. ಒಬ್ಬ ಯುವಕ ಅಂದ್ರೆ ಯಾರು?"

"ಅಜ್ಜಿ, ಹೆಸರು ಹಾಕಿದ್ರೆ ನಿಮಗೆ ತೊಂದ್ರೆ..."

"ನನಗೆ ಇನ್ನೇನು ತೊಂದ್ರೆ ಮಾಡ್ತಾರೆ? ನಾನು ಕೇಳಿದ್ನಾ, ಬಚ್ಚಿಡು ಅಂತ? ಅಷ್ಟು ಜನರ ಮುಂದೆ ಹೆಸರು ಹೇಳ್ದೋಳು ನಾನು. ಮೊದಲ್ನೇ ಸಲ ನೀನು ಹೆದ್ರಿ ನುಂಗ್ದೆ. ಎರಡ್ನೇ ಸಲ ನನ್ನ ಮೇಲೆ ಕರುಣೆ ಬಂದು ನುಂಗ್ದೆ. ನುಂಗಿದ್ದು ನುಂಗಿದ್ದೇ ಅಲ್ವಾ?"

ಅವನು ಕೈಯಲ್ಲಿದ್ದ ಮಂಚದ ಕಾಲನ್ನು ನೆಲಕ್ಕಿಟ್ಟ. ಒಳಗೆ ಪಾತ್ರೆ ತುಂಬುತ್ತಿದ್ದ ಹೆಂಡತಿಯ ಸದ್ದು ನಿಂತಿತು. ಮುದುಕಿ ಈಗ ಕೂತಳು, ಅಂಗಳದ ಮಣ್ಣಿನಲ್ಲೇ, ಬಸ್ಸಿನಲ್ಲಿ ಊದಿದ ಕಾಲನ್ನು ನೀವಿಕೊಳ್ಳುತ್ತ. "ಅವ್ನು ಹುಟ್ಟಿದಾಗ ನನ್ನತ್ತೆ ಮನೆಯೋರು ಒಂದು ಹಿಡಿ ಹಿಟ್ಟೂ ಕಳಿಸ್ಲಿಲ್ಲ. ಬೇಲಿ ಆಚೆ ನಿಂತ್ಕೊಂಡು ಮಾತಾಡ್ಕೊಂಡ್ರು. ಅದಕ್ಕೆ ಆ ಹೆಸರಿಟ್ಟೆ. ದಿನಾ ಸಾಯಂಕಾಲ ಅವರಿಗೆ ಕೇಳ್ಸೋ ಹಂಗೆ ಜೋರಾಗಿ ಕೂಗಿ ಕರೀತಿದ್ದೆ, ಊಟಕ್ಕೆ. ಗೊತ್ತಲ್ಲ ನಿಂಗೆ, ಏನು ಹೆಸರು ಅಂತ? ಮರ್ತಿಲ್ಲ ತಾನೆ?"

ಮರೆತಿರಲಿಲ್ಲ. ಅವರ ಕಡೆ ಅಂಥ ಹೆಸರುಗಳು ಉಂಟು, ನೆರೆಹೊರೆಯವರ ಮುಖಕ್ಕೆ ಎಸೆಯುವಂಥವು. ಶಾಮಿಯಾನದಲ್ಲಿ ಮೊದಲು ಕೇಳಿದಾಗಲೇ ಅದು ತನ್ನನ್ನೇ ಕುರಿತು ಹೇಳಿದಂತೆ ಬೆಚ್ಚಿಬಿದ್ದಿದ್ದ.

"ಹೇಳು," ಎಂದಳು.

"ಹಮುನ್ಯಾರಿ," ಎಂದ ಜೈರೋಸ್. ನಿಮಗೆ ನಾಚಿಕೆಯೇ ಆಗುವುದಿಲ್ಲ, ಎಂದು ಅದರ ಅರ್ಥ.

"ನನಗಲ್ಲ. ಅವರಿಗೆ ಕೇಳ್ಬೇಕು," ಎಂದು ಮುದುಕಿ ಗೇಟಿನಾಚೆಯ ಬೀದಿಯತ್ತ ಕೈ ತೋರಿಸಿದಳು. ಅಲ್ಲಿ ಎರಡು ದಿನದಿಂದ ಒಂದು ಬೂದು ಬಣ್ಣದ ಗಾಡಿ ನಿಂತಿತ್ತು, ಒಳಗೆ ಮನೆಯನ್ನೇ ನೋಡುತ್ತ ಕೂತ ಇಬ್ಬರು ಕಪ್ಪು ಕನ್ನಡಕದವರು. "ಕೂಗು. ಊಟಕ್ಕೆ ಕರೆಯೋ ಹಂಗೆ."

ಬಾಗಿಲಿಗೆ ಹೆಂಡತಿ ಬಂದು ನಿಂತಳು, ಅವಳ ಹಿಂದೆ ರುವಾ. ಅವನು ಬೀದಿಯ ಕಡೆ ತಿರುಗಿ, ಉಸಿರು ತುಂಬಿಕೊಂಡು, ಕೂಗಿದ.